ಅಗೋಸ್ಟನ್ ಹರಸ್ತಿ

ಅಗೋಸ್ಟನ್ ಹರಸ್ತಿ (ಆಗಸ್ಟ್ 30, 1812 – ಜುಲೈ 6, 1869) ಹಂಗೇರಿಯಲ್ಲಿ ಜನಿಸಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ದ್ರಾಕ್ಷಿ ಬೆಳೆಗಾರರು, ಲೇಖಕರು ಹಾಗೂ ಉದ್ಯಮಿ. ಕ್ಯಾಲಿಫೋರ್ನಿಯಾದ ಸೊನೋಮಾ ಕಣಿವೆಯಲ್ಲಿ ಬ್ಯೂನಾ ವಿಸ್ಟಾ ಎಂಬ ದ್ರಾಕ್ಷಿ ತೋಟ ಮತ್ತು ವೈನ್ ತಯಾರಿಕಾ ಕೇಂದ್ರವನ್ನು ಸ್ಥಾಪಿಸಿದ ಇವರನ್ನು ಕ್ಯಾಲಿಫೋರ್ನಿಯಾ ದ್ರಾಕ್ಷಿ ಕೃಷಿಯ ಜನಕರೆಂದು ಕರೆಯುವ ರೂಢಿಯಿದೆ. ಜಿನ್‌ಫಂಡೆಲ್ ಎಂಬ ಕಪ್ಪು ದ್ರಾಕ್ಷಿಯ ತಳಿಯನ್ನು ಅಮೆರಿಕಕ್ಕೆ ತಂದವರು ಇವರೇ ಎಂಬ ಕಥೆ ನೂರು ವರ್ಷಕ್ಕೂ ಹೆಚ್ಚು ಕಾಲ ಪ್ರಚಾರದಲ್ಲಿತ್ತು. ನಂತರದ ಸಂಶೋಧನೆಗಳು ಅದನ್ನು ಅಲ್ಲಗಳೆದಿವೆ. ಇವರು ನಿಜವಾಗಿ ಮಾಡಿದ ಕೆಲಸ ಮತ್ತು ಆ ಕೆಲಸಕ್ಕಾಗಿ ಹೊತ್ತ ಸಾಲ ಎರಡೂ ಆ ಕಥೆಯ ನೆರಳಿನಲ್ಲಿ ಮರೆಯಾಗಿದ್ದವು.

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಜಮಖಂಡಿ, ಮುಧೋಳ, ಬೀಳಗಿ ಭಾಗದ ಓದುಗರಿಗೆ ದ್ರಾಕ್ಷಿ ಪಡವೂ ಕಬ್ಬಿನ ಗದ್ದೆಯೂ ಹೊಸದಲ್ಲ. ಹರಸ್ತಿಯವರ ಬದುಕು ಈ ಎರಡು ಬೆಳೆಗಳ ನಡುವೆಯೇ ನಡೆದು ಮುಗಿಯಿತು.

ಹೆಸರು ಮತ್ತು ಬಿರುದುಗಳು

ಹಂಗೇರಿಯಲ್ಲಿ ಮನೆತನದ ಹೆಸರನ್ನು ಮೊದಲು ಹೇಳುವುದರಿಂದ ಅಲ್ಲಿ ಇವರು ಹರಸ್ತಿ ಆಗೋಶ್ಟೋನ್ ಎನಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಜನರು ಇವರನ್ನು ಮೊದಲು ಕೌಂಟ್ ಎಂದೂ ಅನಂತರ ಕರ್ನಲ್ ಎಂದೂ ಕರೆದರು. ಕುಟುಂಬವು ಹಂಗೇರಿಯ ಹಳೆಯ ಕುಲೀನ ವರ್ಗಕ್ಕೆ ಸೇರಿದ್ದುದು ನಿಜ, ಆದರೆ ಕೌಂಟ್ ಪದವಿ ಅದಕ್ಕೆ ಇರಲಿಲ್ಲ. ಹೊಸ ನಾಡಿನಲ್ಲಿ ವ್ಯವಹಾರ ಕುದುರಿಸಲು ಇಂಥ ಬಿರುದುಗಳು ನೆರವಾಗುತ್ತಿದ್ದವು. ಅವುಗಳನ್ನು ನಿರಾಕರಿಸುವ ಅವಸರವನ್ನು ಹರಸ್ತಿಯವರು ತೋರಿದಂತೆ ಕಾಣುವುದಿಲ್ಲ.

ಆರಂಭಿಕ ಜೀವನ

ಹರಸ್ತಿಯವರು ಡ್ಯಾನ್ಯೂಬ್ ನದಿಯ ದಡದ ಪೆಸ್ಟ್ ನಗರದಲ್ಲಿ ಜನಿಸಿದರು. ಬೂಡಾ ಮತ್ತು ಪೆಸ್ಟ್ ಆಗ ಬೇರೆ ಬೇರೆ ನಗರಗಳಾಗಿದ್ದವು. ತಂದೆ ಕಾರೊಯ್ ಹರಸ್ತಿ, ತಾಯಿ ಅನ್ನಾ ಮಾರಿಯಾ ಫಿಶರ್. ಕುಟುಂಬದ ಜಮೀನು ದಕ್ಷಿಣ ಹಂಗೇರಿಯ ಬಾಚ್ಕಾ ಪ್ರದೇಶದಲ್ಲಿತ್ತು. ಇದರ ಬಹುಭಾಗ ಈಗ ಸೆರ್ಬಿಯಾ ದೇಶದಲ್ಲಿದೆ. ದ್ರಾಕ್ಷಿ ಬೆಳೆದು ಮನೆಯಲ್ಲೇ ವೈನ್ ತೆಗೆಯುವುದು ಆ ಸೀಮೆಯ ಜಮೀನುದಾರರಿಗೆ ಸಹಜವಾಗಿದ್ದ ಕೆಲಸ. ಮಗನೂ ಅದನ್ನು ಚಿಕ್ಕಂದಿನಲ್ಲೇ ಕಂಡು ಕಲಿತರು.

1833ರ ಜನವರಿ 6ರಂದು ಫೂಟಾಕ್ ಎಂಬ ಊರಿನಲ್ಲಿ ಎಲಿಯನೋರಾ ಡೆಡಿನ್ಸ್ಕಿ ಅವರೊಡನೆ ವಿವಾಹವಾಯಿತು. ದಂಪತಿಗೆ ಗೇಜಾ, ಅಟಿಲಾ, ಆರ್ಪಾಡ್, ಬೇಲಾ ಎಂಬ ನಾಲ್ವರು ಗಂಡುಮಕ್ಕಳು ಹಾಗೂ ಈಡಾ, ಒಟೀಲಿಯಾ ಎಂಬ ಇಬ್ಬರು ಹೆಣ್ಣುಮಕ್ಕಳು. ಇವರಲ್ಲಿ ಆರ್ಪಾಡ್ ಹೆಸರು ಈ ಲೇಖನದಲ್ಲಿ ಮತ್ತೆ ಬರುತ್ತದೆ.

ಹರಸ್ತಿಯವರು ರಾಜಕೀಯ ಕಾರಣಕ್ಕೆ ದೇಶ ತೊರೆದು ಓಡಿಬಂದ ಕ್ರಾಂತಿಕಾರಿ ಎಂದು ಹಲವು ಹಳೆಯ ಪುಸ್ತಕಗಳು ಬರೆದಿವೆ. ಆದರೆ 1840ರಲ್ಲಿ ಅಮೆರಿಕಕ್ಕೆ ಹೋದ ಇವರು ಎರಡು ವರ್ಷಗಳ ನಂತರ ಯಾವ ಅಡ್ಡಿಯೂ ಇಲ್ಲದೆ ಹಂಗೇರಿಗೆ ಮರಳಿ, ಆಸ್ತಿ ವಿಲೇವಾರಿ ಮಾಡಿ, ಹೆಂಡತಿ, ಮಕ್ಕಳು ಹಾಗೂ ತಂದೆತಾಯಿಯನ್ನು ಕರೆದುಕೊಂಡು ಹೊರಟರು. ಬೇಟೆಗಾರನಿಗೆ ಹೆದರಿದ ಜಿಂಕೆ ಹೀಗೆ ನಡೆದುಕೊಳ್ಳುವುದಿಲ್ಲ. ಹೊಸ ನಾಡನ್ನು ನೋಡುವ, ಅಲ್ಲಿ ದೊಡ್ಡದೇನನ್ನಾದರೂ ಕಟ್ಟುವ ಆಸೆಯೇ ಮುಖ್ಯ ಕಾರಣವೆಂದು ತಿಳಿಯುವುದು ಹೆಚ್ಚು ಸರಿ.

ವಿಸ್ಕಾನ್ಸಿನ್ ವಾಸ

1840ರಲ್ಲಿ ತಮ್ಮ ಸಂಬಂಧಿ ಕಾರೊಯ್ ಫಿಶರ್ ಜೊತೆಗೆ ಅಮೆರಿಕಕ್ಕೆ ಬಂದ ಹರಸ್ತಿಯವರು ವಿಸ್ಕಾನ್ಸಿನ್ ನದಿಯ ದಂಡೆಯಲ್ಲಿ ಜಾಗ ಆರಿಸಿಕೊಂಡರು. ಇಂಗ್ಲೆಂಡ್ ಮೂಲದ ರಾಬರ್ಟ್ ಬ್ರಯಂಟ್ ಎಂಬ ಪಾಲುದಾರರೊಡನೆ ಅಲ್ಲಿ ಒಂದು ಊರನ್ನೇ ಕಟ್ಟಿದರು. ಆ ಊರಿನ ಹೆಸರು ಹಲವು ಸಲ ಬದಲಾಯಿತು. ಒಮ್ಮೆ ಅದಕ್ಕೆ ಹರಸ್ತಿ ಎಂಬ ಹೆಸರೇ ಇತ್ತು. ಕೊನೆಗೆ ಸಾಕ್ ಸಿಟಿ ಎಂದು ನಿಂತಿತು. ಇಟ್ಟಿಗೆ, ಅಂಗಡಿ, ಹಬೆದೋಣಿ ಸಾರಿಗೆ ಹೀಗೆ ಅನೇಕ ಉದ್ಯಮಗಳಿಗೆ ಕೈಹಾಕಿದರು. ಅಮೆರಿಕದ ತಮ್ಮ ಮೊದಲ ಪ್ರವಾಸದ ಅನುಭವಗಳನ್ನು ಹಂಗೇರಿಯನ್ ಭಾಷೆಯಲ್ಲಿ ಬರೆದು 1844ರಲ್ಲಿ ಪೆಸ್ಟ್ ನಗರದಿಂದ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು.

ನದಿಯ ಆಚೆ ದಡದ ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ನೆಟ್ಟು, ವೈನ್ ಇಡಲು ಗುಡ್ಡವನ್ನೇ ಕೊರೆದು ನೆಲಮಾಳಿಗೆ ಮಾಡಿಸಿದರು. ಆದರೆ ವಿಸ್ಕಾನ್ಸಿನ್‌ನ ಚಳಿಗಾಲ ಯುರೋಪಿನ ದ್ರಾಕ್ಷಿ ಬಳ್ಳಿಗಳನ್ನು ಉಳಿಯಗೊಡಲಿಲ್ಲ. ನೆಲ, ನೀರು, ಬಿಸಿಲು ಮೂರೂ ಒಪ್ಪುವ ಜಾಗದ ಹುಡುಕಾಟ ಇಲ್ಲಿಂದ ಪ್ರಾರಂಭವಾಗಿ ಮುಂದೆ ಹಲವು ವರ್ಷ ಮುಂದುವರಿಯಿತು.

ಸ್ಯಾನ್ ಡಿಯಾಗೋ

ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹರಡಿ ಸಾವಿರಾರು ಜನ ಪಶ್ಚಿಮಕ್ಕೆ ಹೊರಟ ವರ್ಷ 1849. ಹರಸ್ತಿ ಕುಟುಂಬವೂ ಆ ವರ್ಷ ಗಾಡಿ ಕಟ್ಟಿ ಹೊರಟು, ಸಾಂತಾ ಫೇ ಮಾರ್ಗವಾಗಿ ಡಿಸೆಂಬರಿನಲ್ಲಿ ಸ್ಯಾನ್ ಡಿಯಾಗೋ ತಲುಪಿತು. ಚಿನ್ನ ಅಗೆಯುವುದು ಇವರ ಉದ್ದೇಶವಾಗಿರಲಿಲ್ಲ. ಬಂದ ಕೆಲವೇ ತಿಂಗಳಲ್ಲಿ, 1850ರಲ್ಲಿ, ಸ್ಯಾನ್ ಡಿಯಾಗೋ ಕೌಂಟಿಯ ಮೊದಲ ಶೆರಿಫ್ ಆಗಿ ಆಯ್ಕೆಯಾದರು. ಅಮೆರಿಕದಲ್ಲಿ ಶೆರಿಫ್ ಎಂದರೆ ಜನರಿಂದ ಚುನಾಯಿತನಾದ ಪೊಲೀಸ್ ಅಧಿಕಾರಿ.

ಊರಿಗೆ ಸೆರೆಮನೆ ಕಟ್ಟುವ ಗುತ್ತಿಗೆಯೂ ಇವರಿಗೇ ದೊರೆಯಿತು. ಗುತ್ತಿಗೆ ನೀಡಿದ ನಗರ ಪರಿಷತ್ತಿನಲ್ಲಿ ಇವರ ತಂದೆಯೇ ಇದ್ದರು. ಗುಂಡುಕಲ್ಲಿನ ಆ ಕಟ್ಟಡ ಎಷ್ಟು ದುರ್ಬಲವಾಗಿತ್ತೆಂದರೆ ಕೈದಿಗಳು ಗೋಡೆ ಕೊರೆದು ಹೊರಬಂದರು. ಈ ಪ್ರಸಂಗವನ್ನು ಅಭಿಮಾನಿಗಳು ಬಿಟ್ಟುಬಿಡುವುದುಂಟು, ಬಿಡಬಾರದು. ಕೆಲಸ ಬೇಗ ಮುಗಿಯಬೇಕು, ದೊಡ್ಡದಾಗಿ ಕಾಣಬೇಕು ಎಂಬ ಆತುರ ಇವರ ಸ್ವಭಾವದಲ್ಲಿಯೇ ಇತ್ತು. ಅದು ಮುಂದೆ ಬ್ಯೂನಾ ವಿಸ್ಟಾದಲ್ಲಿಯೂ ಕಾಣಿಸಿಕೊಂಡಿತು.

1851ರಲ್ಲಿ ರಾಜ್ಯದ ವಿಧಾನಸಭೆಗೆ ಆಯ್ಕೆಯಾಗಿ 1852ರ ಅಧಿವೇಶನದಲ್ಲಿ ಪಾಲ್ಗೊಂಡರು. ಅನಂತರ ವಾಸವನ್ನು ಉತ್ತರದ ಸ್ಯಾನ್ ಫ್ರಾನ್ಸಿಸ್ಕೋಗೆ ಬದಲಾಯಿಸಿ, ನಗರದ ಮಿಷನ್ ಡೊಲೋರೆಸ್ ಬಳಿಯಲ್ಲೂ ಬಳಿಕ ದಕ್ಷಿಣದ ಕ್ರಿಸ್ಟಲ್ ಸ್ಪ್ರಿಂಗ್ಸ್ ಎಂಬಲ್ಲಿಯೂ ದ್ರಾಕ್ಷಿ ನೆಟ್ಟರು. ಎರಡೂ ಕಡೆ ಸಮುದ್ರದ ಮಂಜು ಕವಿದು ಹಣ್ಣು ಮಾಗಲಿಲ್ಲ.

ಟಂಕಸಾಲೆಯ ಪ್ರಕರಣ

1854ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕ ಸರ್ಕಾರದ ಟಂಕಸಾಲೆ ಪ್ರಾರಂಭವಾದಾಗ ಹರಸ್ತಿಯವರು ಅಲ್ಲಿ ಚಿನ್ನದ ಪರೀಕ್ಷಕರಾಗಿ ನೇಮಕಗೊಂಡರು. ಮರುವರ್ಷ ಚಿನ್ನ ಕರಗಿಸಿ ಶುದ್ಧಗೊಳಿಸುವ ವಿಭಾಗದ ಮುಖ್ಯಸ್ಥರಾದರು. 1857ರಲ್ಲಿ ಲೆಕ್ಕ ತಾಳೆ ನೋಡಿದಾಗ ಒಂದೂವರೆ ಲಕ್ಷ ಡಾಲರಿಗೂ ಹೆಚ್ಚು ಮೌಲ್ಯದ ಚಿನ್ನ ಕಡಿಮೆ ಬಂದಿತ್ತು. ಇವರ ಮೇಲೆ ಅಪಹರಣದ ಆರೋಪ ಹೊರಿಸಲಾಯಿತು. ಆಸ್ತಿಯನ್ನು ಒತ್ತೆಯಾಗಿ ಬರೆದುಕೊಡಬೇಕಾಯಿತು.

ಗಣಿಗಳಿಂದ ಬರುತ್ತಿದ್ದ ಚಿನ್ನ ವಿಪರೀತವಾಗಿದ್ದು ಕುಲುಮೆಗಳು ಹಗಲು ರಾತ್ರಿ ಉರಿಯುತ್ತಿದ್ದವು. ಅತಿಯಾದ ಶಾಖದಲ್ಲಿ ಚಿನ್ನದ ಕಣಗಳು ಹೊಗೆಯೊಡನೆ ಕೊಳವೆಯ ಮೂಲಕ ಹೊರಹೋಗುತ್ತಿದ್ದವೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಕ್ರಿಮಿನಲ್ ಮೊಕದ್ದಮೆಯನ್ನು ಕೈಬಿಡಲಾಯಿತು. ಸರ್ಕಾರ ಹೂಡಿದ್ದ ಸಿವಿಲ್ ದಾವೆಯಲ್ಲಿಯೂ 1861ರಲ್ಲಿ ತೀರ್ಪು ಇವರ ಪರವಾಗಿ ಬಂತು. ನಾಲ್ಕು ವರ್ಷ ಈ ಕಳಂಕವನ್ನು ಹೊತ್ತುಕೊಂಡೇ ಹರಸ್ತಿಯವರು ತಮ್ಮ ಜೀವನದ ಅತ್ಯಂತ ಫಲಪ್ರದ ಕೆಲಸವನ್ನು ಮಾಡಿದರು ಎಂಬುದನ್ನು ಗಮನಿಸಬೇಕು.

ಬ್ಯೂನಾ ವಿಸ್ಟಾ

1856ರಲ್ಲಿ ಸೊನೋಮಾ ಪಟ್ಟಣದ ಈಶಾನ್ಯಕ್ಕಿದ್ದ ಒಂದು ಸಣ್ಣ ದ್ರಾಕ್ಷಿ ತೋಟವನ್ನು ಹರಸ್ತಿಯವರು ಕೊಂಡುಕೊಂಡರು. ಅದಕ್ಕೆ ಬ್ಯೂನಾ ವಿಸ್ಟಾ ಎಂದು ಹೆಸರಿಟ್ಟರು. ಸ್ಪ್ಯಾನಿಷ್ ಭಾಷೆಯಲ್ಲಿ ಇದಕ್ಕೆ ಸುಂದರ ನೋಟ ಎಂಬ ಅರ್ಥವಿದೆ. ಹಲವು ವರ್ಷಗಳ ಹುಡುಕಾಟ ಇಲ್ಲಿಗೆ ಮುಗಿಯಿತು. ಹಗಲಿನಲ್ಲಿ ಸಾಕಷ್ಟು ಬಿಸಿಲು, ರಾತ್ರಿ ತಂಪು, ನೀರು ನಿಲ್ಲದ ಇಳಿಜಾರು ಇವೆಲ್ಲ ಅಲ್ಲಿದ್ದವು.

ಅಂದಿನ ಕ್ಯಾಲಿಫೋರ್ನಿಯಾದಲ್ಲಿ ಬಹುಪಾಲು ಇದ್ದದ್ದು ಮಿಷನ್ ಎಂಬ ತಳಿ. ಸ್ಪ್ಯಾನಿಷ್ ಪಾದ್ರಿಗಳು ತಂದ ಈ ದ್ರಾಕ್ಷಿ ಗಟ್ಟಿಮುಟ್ಟಾದ ಬೆಳೆ, ಆದರೆ ಹುಳಿ ಕಡಿಮೆ. ಅದರ ವೈನ್ ಸಪ್ಪೆ. ತಗ್ಗು ಭೂಮಿಯಲ್ಲಿ ನೆಟ್ಟು ನೀರು ಹಾಯಿಸಿ ಬೆಳೆಯುವುದು ವಾಡಿಕೆಯಾಗಿತ್ತು. ಹರಸ್ತಿಯವರು ಗುಡ್ಡದ ಇಳಿಜಾರಿನ ಒಣ ನೆಲದಲ್ಲಿ ನೀರುಣಿಸದೆ ಬಳ್ಳಿ ಬೆಳೆಸಿದರು. ಬೇರು ಆಳಕ್ಕೆ ಇಳಿದಷ್ಟೂ ಇಳುವರಿ ತಗ್ಗಿದರೂ ಹಣ್ಣಿನ ಸಾರ ಹೆಚ್ಚುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಈ ಪದ್ಧತಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಜನಪ್ರಿಯಗೊಳಿಸಿದ್ದು ಇವರ ನಿಜವಾದ ಕೊಡುಗೆಗಳಲ್ಲಿ ಮೊದಲನೆಯದು. 1858ರಲ್ಲಿ ಕ್ಯಾಲಿಫೋರ್ನಿಯಾದ ದ್ರಾಕ್ಷಿ ಮತ್ತು ವೈನ್ ಕುರಿತು ಇವರು ಬರೆದ ಕಿರು ವರದಿಯನ್ನು ರಾಜ್ಯ ಕೃಷಿ ಸಂಘ ಪ್ರಕಟಿಸಿತು. ರೈತನು ನೆಲ ಆರಿಸುವುದರಿಂದ ಹಿಡಿದು ವೈನ್ ತೆಗೆಯುವವರೆಗೆ ಏನೇನು ಮಾಡಬೇಕೆಂಬುದನ್ನು ಸರಳವಾಗಿ ತಿಳಿಸಿದ ಕೈಪಿಡಿ ಅದು.

ಗುಡ್ಡವನ್ನು ಕೊರೆದು ವೈನ್ ಸಂಗ್ರಹಕ್ಕೆ ಸುರಂಗಗಳನ್ನು ಮಾಡಿಸಿದರು, ಕಲ್ಲಿನ ಕಟ್ಟಡಗಳನ್ನು ಕಟ್ಟಿಸಿದರು. ಈ ದುಡಿಮೆಯ ಬಹುಪಾಲು ಚೀನೀ ಕೂಲಿಗಾರರದ್ದು. ಬಿಳಿಯ ಕೂಲಿಗಾರರಿಗೆ ಕೊಡುವುದಕ್ಕಿಂತ ಬಹಳ ಕಡಿಮೆ ಸಂಬಳಕ್ಕೆ ಅವರು ದುಡಿಯುತ್ತಿದ್ದರು. ಚೀನೀಯರನ್ನು ಹೊರಹಾಕಬೇಕೆಂಬ ಕೂಗು ರಾಜ್ಯದಲ್ಲಿ ಬಲವಾಗಿದ್ದ ದಿನಗಳಲ್ಲಿ ಹರಸ್ತಿಯವರು ಅವರ ಪರವಾಗಿ ನಿಂತರು. ಅದರಲ್ಲಿ ಮನುಷ್ಯತ್ವ ಎಷ್ಟು, ಲಾಭದ ಲೆಕ್ಕ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಸೊನೋಮಾದ ಪ್ರಮುಖ ಜಮೀನುದಾರರಾಗಿದ್ದ ಜನರಲ್ ಮರಿಯಾನೋ ವಯೇಹೋ ಇವರ ನೆರೆಯವರು, ವೈನ್ ಸ್ಪರ್ಧೆಗಳಲ್ಲಿ ಎದುರಾಳಿ ಮತ್ತು ಕೊನೆಗೆ ಬೀಗರು. 1863ರ ಜೂನ್ 1ರಂದು ಆರ್ಪಾಡ್ ಮತ್ತು ಅಟಿಲಾ ಇಬ್ಬರೂ ವಯೇಹೋ ಅವರ ಇಬ್ಬರು ಹೆಣ್ಣುಮಕ್ಕಳನ್ನು ಮದುವೆಯಾದರು.

ಯುರೋಪ್ ಪ್ರವಾಸ

1861ರಲ್ಲಿ ರಾಜ್ಯಪಾಲ ಜಾನ್ ಡೌನಿ ಅವರು ದ್ರಾಕ್ಷಿ ಕೃಷಿಯ ಸುಧಾರಣೆಯನ್ನು ಕುರಿತು ವರದಿ ನೀಡಲು ಹರಸ್ತಿಯವರನ್ನು ಆಯುಕ್ತರನ್ನಾಗಿ ನೇಮಿಸಿದರು. ಈ ಕೆಲಸಕ್ಕೆ ವೇತನ ಸಲ್ಲುವುದಿಲ್ಲವೆಂಬುದು ಶಾಸನಸಭೆಯ ನಿರ್ಣಯದಲ್ಲಿಯೇ ಇತ್ತು. ಜೂನ್ ತಿಂಗಳಿನಲ್ಲಿ ಹೊರಟ ಇವರು ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ ಮತ್ತು ಸ್ಪೇನ್ ದೇಶಗಳ ದ್ರಾಕ್ಷಿ ಸೀಮೆಗಳನ್ನು ಸುತ್ತಿದರು. ಶಾಂಪೇನ್ ತಯಾರಿಕೆಯನ್ನು ಕಲಿಯಲು ಫ್ರಾನ್ಸಿನಲ್ಲಿದ್ದ ಮಗ ಆರ್ಪಾಡ್ ಪ್ರವಾಸದಲ್ಲಿ ಜೊತೆಯಾದರು. ಹೋದಲ್ಲೆಲ್ಲ ಬಳ್ಳಿಯ ಕಡ್ಡಿಗಳನ್ನು ಕೊಂಡು, ಕಟ್ಟು ಕಟ್ಟಿ ಹಡಗಿಗೇರಿಸಿದರು. ಮುನ್ನೂರಕ್ಕೂ ಹೆಚ್ಚು ತಳಿಗಳ ಸುಮಾರು ಒಂದು ಲಕ್ಷ ಕಡ್ಡಿಗಳು 1862ರ ಆರಂಭದಲ್ಲಿ ಕ್ಯಾಲಿಫೋರ್ನಿಯಾ ತಲುಪಿದವು.

ಈ ಕಡ್ಡಿಗಳನ್ನು ರಾಜ್ಯ ಸರ್ಕಾರ ಕೊಂಡು ರೈತರಿಗೆ ಹಂಚಬೇಕು, ಸುಮಾರು 12,000 ಡಾಲರುಗಳ ತಮ್ಮ ಖರ್ಚನ್ನು ತುಂಬಿಕೊಡಬೇಕು ಎಂದು ಹರಸ್ತಿಯವರು ಕೇಳಿದರು. ಶಾಸನಸಭೆ ಒಪ್ಪಲಿಲ್ಲ. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಅಧಿಕಾರ ಬೇರೆ ಪಕ್ಷದ ಕೈಗೆ ಹೋಗಿತ್ತು. ಸರ್ಕಾರ ವಿಶ್ವಾಸದ್ರೋಹ ಮಾಡಿತೆಂದು ಹರಸ್ತಿಯವರ ಪರ ಬರೆದವರು ದೂರಿದ್ದಾರೆ. ಆದರೆ ವೇತನವಿಲ್ಲವೆಂಬ ಷರತ್ತನ್ನು ತಿಳಿದೂ, ಕೇಳುವ ಮೊದಲೇ ಕೈಯಿಂದ ದುಡ್ಡು ಹಾಕಿದವರು ಇವರೇ. ಕಾಗದಪತ್ರದ ನ್ಯಾಯ ಸರ್ಕಾರದ ಕಡೆಗಿತ್ತು. ಆ ನಿರಾಕರಣೆಯಿಂದ ನಷ್ಟವಾದದ್ದು ಮಾತ್ರ ಇಡೀ ರಾಜ್ಯಕ್ಕೆ. ಸರ್ಕಾರದ ಸಸ್ಯಕ್ಷೇತ್ರದಲ್ಲಿ ಹೆಸರು ಸಹಿತ ಬೆಳೆಯಬೇಕಾಗಿದ್ದ ತಳಿಗಳು ಅಲ್ಲಲ್ಲಿ ಮಾರಾಟವಾಗಿ, ಹೆಸರಿನ ಚೀಟಿಗಳು ಕಳೆದು, ಯಾವುದು ಯಾವುದೆಂದು ತಿಳಿಯದಂತಾಯಿತು. ಜಿನ್‌ಫಂಡೆಲ್ ಕುರಿತ ಗೊಂದಲಕ್ಕೂ ಈ ಕಲಸುಮೇಲೋಗರವೇ ಎಡೆಮಾಡಿತು.

ಪ್ರವಾಸದ ಫಲವಾಗಿ 1862ರಲ್ಲಿ ದ್ರಾಕ್ಷಿ ಕೃಷಿ ಹಾಗೂ ವೈನ್ ತಯಾರಿಕೆಯನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ನ್ಯೂಯಾರ್ಕಿನ ಹಾರ್ಪರ್ ಸಂಸ್ಥೆ ಪ್ರಕಟಿಸಿತು. ಅದೇ ವರ್ಷ ಹರಸ್ತಿಯವರು ರಾಜ್ಯ ಕೃಷಿ ಸಂಘದ ಅಧ್ಯಕ್ಷರಾದರು.

ಸಾಲ ಮತ್ತು ಪತನ

1863ರಲ್ಲಿ ಬ್ಯಾಂಕ್ ಉದ್ಯಮಿ ವಿಲಿಯಂ ರಾಲ್ಸ್ಟನ್ ಮೊದಲಾದವರ ಬಂಡವಾಳದಿಂದ ತೋಟವು ಬ್ಯೂನಾ ವಿಸ್ಟಾ ವಿನಿಕಲ್ಚರಲ್ ಸೊಸೈಟಿ ಎಂಬ ಕಂಪನಿಯಾಯಿತು. ತೋಟವನ್ನು ಶೀಘ್ರವಾಗಿ ವಿಸ್ತರಿಸಲು ಹರಸ್ತಿಯವರು ಬಳ್ಳಿಯ ಕೊನರನ್ನು ಬಾಗಿಸಿ ಮಣ್ಣಿನಲ್ಲಿ ಹೂತು ಅಲ್ಲಿಯೇ ಬೇರು ಬಿಡಿಸುವ ವಿಧಾನವನ್ನು ಅನುಸರಿಸಿದರು. ಮಲ್ಲಿಗೆ ಬಳ್ಳಿಯನ್ನು ನಾವು ಹೀಗೆಯೇ ಹಬ್ಬಿಸುತ್ತೇವೆ. ಗಿಡಗಳ ಸಂಖ್ಯೆ ಬೇಗ ಹೆಚ್ಚಿತು, ಆದರೆ ತೋಟ ದಟ್ಟವಾಗಿ ಬಳ್ಳಿಗಳು ಸೊರಗತೊಡಗಿದವು. ಎಲೆ ಹಳದಿಯಾಗಿ ಬಳ್ಳಿ ಒಣಗುವುದಕ್ಕೆ ಈ ವಿಧಾನವೇ ಕಾರಣವೆಂದು ಪಾಲುದಾರರು ಆಕ್ಷೇಪಿಸಿದರು.

ನಿಜವಾದ ಶತ್ರು ನೆಲದೊಳಗಿತ್ತು. ಫಿಲೊಕ್ಸೆರಾ ಎಂಬ ಸೂಕ್ಷ್ಮ ಹೇನು ಬೇರಿನ ರಸ ಹೀರಿ ಯುರೋಪಿನ ದ್ರಾಕ್ಷಿಯನ್ನು ಕೊಲ್ಲುತ್ತದೆ. ಅದು ಸೊನೋಮಾದಲ್ಲಿದೆ ಎಂಬುದು 1873ರಲ್ಲಿ, ಹರಸ್ತಿಯವರು ತೀರಿಕೊಂಡ ನಂತರ, ದೃಢಪಟ್ಟಿತು. ಆ ಹೇನನ್ನು ತಾಳಿಕೊಳ್ಳುವ ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ಯುರೋಪಿನ ತಳಿಯನ್ನು ಕಸಿ ಮಾಡುವುದೇ ಕೊನೆಗೆ ಕಂಡುಕೊಂಡ ಪರಿಹಾರ.

ಖರ್ಚು ಆದಾಯವನ್ನು ಮೀರಿತು, ಲಾಭಾಂಶ ಬರಲಿಲ್ಲ. 1866ರಲ್ಲಿ ಹರಸ್ತಿಯವರನ್ನು ಆಡಳಿತದಿಂದ ಹೊರಹಾಕಲಾಯಿತು. ಸ್ವಂತ ಸಾಲಗಳೂ ಬೆಳೆದಿದ್ದು ದಿವಾಳಿ ಘೋಷಿಸಬೇಕಾಯಿತು. ಮುಂಗಡ ತಂದು ಪಡ ಕಟ್ಟಿ, ಮೂರನೆಯ ವರ್ಷದ ಬೆಳೆಯ ಮೇಲೆ ಲೆಕ್ಕ ಹಾಕಿ, ರೋಗ ಬಂದು ಕುಳಿತ ಬೆಳೆಗಾರನ ಸಂಕಟ ಯಾವ ದೇಶದಲ್ಲಿಯೂ ಒಂದೇ.

ನಿಕರಾಗುವಾ ಮತ್ತು ಮರಣ

1868ರಲ್ಲಿ ಹರಸ್ತಿಯವರು ಮಧ್ಯ ಅಮೆರಿಕದ ನಿಕರಾಗುವಾ ದೇಶಕ್ಕೆ ಹೋದರು. ಕೊರಿಂಟೋ ಬಂದರಿನ ಸಮೀಪ ಕಬ್ಬು ಬೆಳೆದು ರಮ್ ಭಟ್ಟಿ ಇಳಿಸುವ ಯೋಜನೆ ಹಾಕಿದರು. ಅದೇ ವರ್ಷ ಪತ್ನಿ ಎಲಿಯನೋರಾ ಹಳದಿ ಜ್ವರದಿಂದ ತೀರಿಕೊಂಡರು. 1869ರ ಜುಲೈ 6ರಂದು ತೋಟದ ಬಳಿಯ ಹೊಳೆಯ ಹತ್ತಿರ ಹರಸ್ತಿಯವರು ಕಾಣೆಯಾದರು. ಹೊಳೆಗೆ ಅಡ್ಡಲಾಗಿದ್ದ ಮರದ ಮೇಲಿಂದ ದಾಟುವಾಗ ಬಿದ್ದು ಮೊಸಳೆಯ ಬಾಯಿಗೆ ಸಿಕ್ಕಿರಬೇಕೆಂದು ಮನೆಯವರು ನಂಬಿದರು. ದೇಹ ಸಿಗಲಿಲ್ಲ. ಆಗ ಅವರಿಗೆ ಐವತ್ತಾರು ವರ್ಷ.

ಜಿನ್‌ಫಂಡೆಲ್ ವಿವಾದ

ಹರಸ್ತಿಯವರ ಕಾಲದ ನಂತರ ಜಿನ್‌ಫಂಡೆಲ್ ಕ್ಯಾಲಿಫೋರ್ನಿಯಾದ ಅತ್ಯಂತ ಜನಪ್ರಿಯ ಕೆಂಪು ವೈನ್ ದ್ರಾಕ್ಷಿಯಾಯಿತು. 1880ರ ದಶಕದಲ್ಲಿ, ಅದು ಎಲ್ಲಿಂದ ಬಂತೆಂಬ ಪ್ರಶ್ನೆ ಎದ್ದಾಗ, ತಮ್ಮ ತಂದೆಯೇ ಹಂಗೇರಿಯಿಂದ ತರಿಸಿದರೆಂದು ಆರ್ಪಾಡ್ ಹೇಳಿದರು. ಅವರು ಆಗ ರಾಜ್ಯದ ದ್ರಾಕ್ಷಿ ಕೃಷಿ ಆಯೋಗದಲ್ಲಿ ಪ್ರಭಾವಶಾಲಿಯಾಗಿದ್ದುದರಿಂದ ಮಾತಿಗೆ ತೂಕವಿತ್ತು. ಪುಸ್ತಕದಿಂದ ಪುಸ್ತಕಕ್ಕೆ ಈ ಹೇಳಿಕೆ ನಕಲಾಗುತ್ತ ಹೋಯಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇತಿಹಾಸಕಾರ ಚಾರ್ಲ್ಸ್ ಸಲಿವನ್ ಹಳೆಯ ಸಸಿ ವ್ಯಾಪಾರಿಗಳ ದಾಖಲೆಗಳನ್ನು ಶೋಧಿಸಿದರು. ಹರಸ್ತಿಯವರು ಅಮೆರಿಕದ ನೆಲಕ್ಕೆ ಕಾಲಿಡುವುದಕ್ಕೂ ಮೊದಲು, 1820ರ ದಶಕದಲ್ಲಿಯೇ, ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಸಸಿ ವ್ಯಾಪಾರಿ ಜಾರ್ಜ್ ಗಿಬ್ಸ್ ವಿಯೆನ್ನಾದ ಅರಮನೆಯ ಸಸ್ಯಸಂಗ್ರಹದಿಂದ ದ್ರಾಕ್ಷಿ ಬಳ್ಳಿಗಳನ್ನು ತರಿಸಿದ್ದರು. 1830ರಲ್ಲಿ ವಿಲಿಯಂ ಪ್ರಿನ್ಸ್ ಬರೆದ ದ್ರಾಕ್ಷಿ ಗ್ರಂಥದಲ್ಲಿ ಇದೇ ಹೆಸರನ್ನು ಹೋಲುವ ಹಂಗೇರಿಯ ಕಪ್ಪು ದ್ರಾಕ್ಷಿಯ ಉಲ್ಲೇಖವಿದೆ. ಬಾಸ್ಟನ್ ಸುತ್ತಮುತ್ತ ಗಾಜಿನ ಮನೆಗಳಲ್ಲಿ ಅದನ್ನು ತಿನ್ನುವ ಹಣ್ಣಾಗಿ ಬೆಳೆಯುತ್ತಿದ್ದರು. ಚಿನ್ನದ ಕಾಲದಲ್ಲಿ ಪೂರ್ವದ ವ್ಯಾಪಾರಿಗಳೊಂದಿಗೆ ಅದು 1850ರ ದಶಕದಲ್ಲಿ ಕ್ಯಾಲಿಫೋರ್ನಿಯಾ ಸೇರಿತು. ತಾವೇ ಅದನ್ನು ತಂದೆವೆಂದು ಹರಸ್ತಿಯವರು ತಮ್ಮ 1862ರ ಗ್ರಂಥದಲ್ಲಿ ಹೇಳಿಕೊಂಡಿಲ್ಲ. ಸುಳ್ಳು ಕೀರ್ತಿಯನ್ನು ಅವರು ಬಯಸಲಿಲ್ಲ. ಮಗನ ಪಿತೃಭಕ್ತಿ ಅದನ್ನು ಅವರ ತಲೆಗೆ ಕಟ್ಟಿತು.

ತಳಿಯ ಮೂಲ ಅನಂತರ ಡಿಎನ್‌ಎ ಪರೀಕ್ಷೆಯಿಂದ ತಿಳಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವಿಜ್ಞಾನಿ ಕ್ಯಾರೊಲ್ ಮೆರೆಡಿತ್ ಅವರು 1990ರ ದಶಕದಲ್ಲಿ ಜಿನ್‌ಫಂಡೆಲ್ ಮತ್ತು ಇಟಲಿಯ ಪ್ರಿಮಿಟಿವೊ ಒಂದೇ ಎಂದು ತೋರಿಸಿದರು. ಕ್ರೊಯೇಷಿಯಾದ ಇವಾನ್ ಪೇಯಿಚ್ ಮತ್ತು ಎಡಿ ಮಲೆಟಿಚ್ ಅವರೊಡನೆ ನಡೆಸಿದ ಹುಡುಕಾಟದಲ್ಲಿ, ಆಡ್ರಿಯಾಟಿಕ್ ಕರಾವಳಿಯ ಕಾಶ್ಟೆಲ್ ನೋವಿ ಎಂಬ ಊರಿನ ತೋಟದಲ್ಲಿದ್ದ ಕೆಲವೇ ಹಳೆಯ ಬಳ್ಳಿಗಳು ಅದೇ ತಳಿಯವೆಂದು 2001ರಲ್ಲಿ ಖಚಿತವಾಯಿತು. ಅಲ್ಲಿ ಅದರ ಪ್ರಾಚೀನ ಹೆಸರು ತ್ರಿಬಿದ್ರಾಗ್. ಅಂದರೆ ಮೂಲ ಹಂಗೇರಿಯೂ ಅಲ್ಲ.

ಸಾಮಾನ್ಯರ ವೈನ್

ಜಿನ್‌ಫಂಡೆಲ್‌ನ ಖ್ಯಾತಿಗೆ ರುಚಿಯಷ್ಟೇ ಕಾರಣವಲ್ಲ, ಬೆಲೆಯೂ ಕಾರಣ. ಬಳ್ಳಿ ಆಸರೆಯಿಲ್ಲದೆ ಗಿಡ್ಡ ಪೊದೆಯಂತೆ ನಿಲ್ಲುತ್ತದೆ, ಹಂದರದ ಖರ್ಚಿಲ್ಲ. ಇಳುವರಿ ಚೆನ್ನಾಗಿದೆ. ಗಣಿ ಕೆಲಸಗಾರರೂ ವಲಸೆ ಬಂದ ಇಟಾಲಿಯನ್ ಕುಟುಂಬಗಳೂ ಕಡಿಮೆ ದುಡ್ಡಿಗೆ ದಿನನಿತ್ಯ ಊಟದ ಜೊತೆ ಕುಡಿಯಬಹುದಾದ ಕೆಂಪು ವೈನ್ ಅದಾಯಿತು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿದ್ದಾಗ, ಮನೆಬಳಕೆಗೆ ವೈನ್ ಮಾಡಿಕೊಳ್ಳುವವರು ಈ ಹಣ್ಣನ್ನು ಕೊಳ್ಳುತ್ತಿದ್ದುದರಿಂದ ಹಳೆಯ ತೋಟಗಳು ಕೆಲವು ಉಳಿದುಕೊಂಡವು.

ಇದರ ಗೊಂಚಲಿನ ಕಾಯಿಗಳು ಒಮ್ಮೆಲೇ ಮಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ, ಹಣ್ಣು, ಒಣಗಿ ಸುಕ್ಕಾದ ದ್ರಾಕ್ಷಿ ಮೂರೂ ಇರುತ್ತವೆ. ಎಲ್ಲವೂ ಮಾಗಲೆಂದು ಕಾದರೆ ಸಕ್ಕರೆ ಏರಿ, ವೈನಿನಲ್ಲಿ ಮದ್ಯಸಾರ ಶೇಕಡಾ 15ನ್ನೂ ದಾಟುತ್ತದೆ. ಆದ್ದರಿಂದ ಸೀಸೆಯ ಚೀಟಿಯ ಮೇಲಿನ ಮದ್ಯಸಾರದ ಪ್ರಮಾಣವು ಕೊಳ್ಳುವವನಿಗೆ ದೊರೆಯುವ ಪುಕ್ಕಟೆ ಮಾಹಿತಿ. ಶೇಕಡಾ 14ರ ಆಸುಪಾಸಿನದು ಸಾಮಾನ್ಯವಾಗಿ ಹಗುರ, ಊಟಕ್ಕೆ ಹೊಂದುವಂಥದ್ದು. ಅದಕ್ಕಿಂತ ಬಹಳ ಮೇಲಿನದು ದಪ್ಪ, ಒಣದ್ರಾಕ್ಷಿಯ ವಾಸನೆಯುಳ್ಳದ್ದು. ಹಳೆಯ ಬಳ್ಳಿಯ ವೈನ್ ಎಂಬ ಬರಹಕ್ಕೆ ಬೆಲೆ ಹೆಚ್ಚು ಕೇಳುತ್ತಾರೆ. ಹಳೆಯ ಬಳ್ಳಿ ಕಡಿಮೆ ಹಣ್ಣು ಬಿಟ್ಟು ಸಾರ ಹೆಚ್ಚು ಕೊಡುವುದು ದಿಟ, ಆದರೆ ಎಷ್ಟು ವರ್ಷವಾದರೆ ಹಳೆಯದು ಎಂಬುದಕ್ಕೆ ಅಮೆರಿಕದ ಕಾನೂನಿನಲ್ಲಿ ವ್ಯಾಖ್ಯೆಯಿಲ್ಲ. ಸೊನೋಮಾದ ಹೆಸರಿಗೆ ತೆರುವ ಬೆಲೆಯನ್ನು ಉಳಿಸಬೇಕೆನ್ನುವವರು ಒಳನಾಡಿನ ಲೋಡೈ ಪ್ರದೇಶದ ವೈನನ್ನು ಆರಿಸುತ್ತಾರೆ. ಅಲ್ಲಿಯೂ ಹಳೆಯ ತೋಟಗಳಿವೆ, ಭೂಮಿ ಅಷ್ಟು ದುಬಾರಿಯಲ್ಲ. ಎಲ್ಲಕ್ಕಿಂತ ಅಗ್ಗವಾದದ್ದು 1970ರ ದಶಕದಲ್ಲಿ ಸಟರ್ ಹೋಮ್ ಸಂಸ್ಥೆ ಜನಪ್ರಿಯಗೊಳಿಸಿದ ವೈಟ್ ಜಿನ್‌ಫಂಡೆಲ್. ಹೆಸರಿನಲ್ಲಿ ಬಿಳಿ ಇದ್ದರೂ ಬಣ್ಣ ತಿಳಿಗುಲಾಬಿ, ರುಚಿ ಸಿಹಿ. ತಜ್ಞರು ಇದನ್ನು ಹಗುರವಾಗಿ ಕಂಡರು. ಆದರೆ ಅದಕ್ಕೆ ಬಂದ ಬೇಡಿಕೆಯಿಂದಲೇ ಅನೇಕ ಹಳೆಯ ತೋಟಗಳು ಗುದ್ದಲಿಯ ಏಟಿನಿಂದ ಪಾರಾದವು.

ಭಾರತದಲ್ಲಿ ಆಮದು ವೈನಿನ ಮೇಲೆ ಬಹುಕಾಲ ಶೇಕಡಾ 150ರಷ್ಟು ಸುಂಕವಿದ್ದು, ಅದರ ಮೇಲೆ ರಾಜ್ಯಗಳ ಅಬಕಾರಿ ತೆರಿಗೆಯೂ ಸೇರುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಕೂಲಿಯವನೂ ಕೊಳ್ಳುತ್ತಿದ್ದ ವೈನ್ ಇಲ್ಲಿ ಶ್ರೀಮಂತರ ವಸ್ತುವಾದದ್ದು ಹೀಗೆ. ಸಾಧಾರಣ ಆದಾಯದವರಿಗೆ ನಾಸಿಕ್‌ನಲ್ಲಿ ಸುಲಾ ಸಂಸ್ಥೆಯು ಅಲ್ಲಿಯೇ ಬೆಳೆದ ಹಣ್ಣಿನಿಂದ ತಯಾರಿಸುವ ಜಿನ್‌ಫಂಡೆಲ್ ಎಟುಕುವ ಆಯ್ಕೆ.

ಕೃಷ್ಣಾ ತೀರದ ದ್ರಾಕ್ಷಿಯೊಂದಿಗಿನ ನಂಟು

ಜಮಖಂಡಿ ತಾಲ್ಲೂಕು ಹಾಗೂ ನೆರೆಯ ವಿಜಯಪುರ ಜಿಲ್ಲೆಯಲ್ಲಿ ಬೆಳೆಯುವ ದ್ರಾಕ್ಷಿಯ ಬಹುಪಾಲು ತಿನ್ನಲು ಮತ್ತು ಒಣದ್ರಾಕ್ಷಿಗೆ ಬಳಕೆಯಾಗುತ್ತದೆ. ವೈನ್ ದ್ರಾಕ್ಷಿಯ ಕ್ಷೇತ್ರ ಚಿಕ್ಕದು. ಕರ್ನಾಟಕ ಸರ್ಕಾರದ 2007ರ ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿಯು ಕೃಷ್ಣಾ ಕಣಿವೆಯನ್ನು ರಾಜ್ಯದ ವೈನ್ ವಲಯಗಳಲ್ಲೊಂದೆಂದು ಗುರುತಿಸಿದೆ. ಇಲ್ಲಿನ ಪಡಗಳಲ್ಲಿ ಕಾಣುವ ಎರಡು ಸಂಗತಿಗಳು ಹರಸ್ತಿಯವರ ಕಥೆಗೆ ಹತ್ತಿರವಾಗಿವೆ.

ಮೊದಲನೆಯದು ಥಾಮ್ಸನ್ ಸೀಡ್‌ಲೆಸ್ ಎಂಬ ಹೆಸರು. ತಾಸ್-ಎ-ಗಣೇಶ್, ಸೋನಾಕಾ, ಮಾಣಿಕ್ ಚಮನ್ ಮೊದಲಾದ ನಮ್ಮ ತಳಿಗಳು ಇದರಿಂದಲೇ ಆಯ್ದವು. 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಬೆಳೆದು ತೋರಿಸಿದವರು ವಿಲಿಯಂ ಥಾಮ್ಸನ್. ತಳಿ ಮಾತ್ರ ಪಶ್ಚಿಮ ಏಷ್ಯಾದ ಬಹು ಹಳೆಯ ಸುಲ್ತಾನಾ ದ್ರಾಕ್ಷಿ. ಬಳ್ಳಿಯ ಊರು ಒಂದು, ಹೆಸರು ಪಡೆದವರು ಇನ್ನೊಬ್ಬರು. ಎರಡನೆಯದು ಬೇರು. ಬ್ಯೂನಾ ವಿಸ್ಟಾವನ್ನು ಉಳಿಸಬಹುದಾಗಿದ್ದ ಉಪಾಯವನ್ನು, ಅಂದರೆ ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ಕಸಿ ಮಾಡುವುದನ್ನು, ಇಲ್ಲಿನ ಬೆಳೆಗಾರರು ಡಾಗ್‌ರಿಡ್ಜ್ ಗಿಡದ ಮೂಲಕ ನಿತ್ಯ ಮಾಡುತ್ತಾರೆ. ಇಲ್ಲಿ ಕಾರಣ ಹೇನಲ್ಲ, ಸವಳು ನೆಲ ಮತ್ತು ನೀರಿನ ಕೊರತೆ. ಸೊನೋಮಾದಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವುದರಿಂದ ವರ್ಷಕ್ಕೆ ಒಂದು ಸವರಿಕೆ ಸಾಕು. ನಮ್ಮಲ್ಲಿ ಬಳ್ಳಿಗೆ ಆ ನಿದ್ದೆಯಿಲ್ಲ. ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಎಂದು ಎರಡು ಸಲ ಕತ್ತರಿಸಿ ಒಂದೇ ಬೆಳೆ ತೆಗೆಯಬೇಕು. ಖರ್ಚೂ ಅದಕ್ಕೆ ತಕ್ಕಂತೆ ಹೆಚ್ಚು.

ಸ್ಮರಣೆ

ಬ್ರಯನ್ ಮೆಕ್‌ಗಿಂಟಿ ಅವರು ಬರೆದು 1998ರಲ್ಲಿ ಪ್ರಕಟವಾದ ಜೀವನಚರಿತ್ರೆ ಹರಸ್ತಿಯವರನ್ನು ಕುರಿತ ವಿಸ್ತಾರವಾದ ಗ್ರಂಥ. ಕ್ಯಾಲಿಫೋರ್ನಿಯಾದ ವೈನ್ ತಯಾರಕರ ಗೌರವ ಪಟ್ಟಿಗೆ 2007ರಲ್ಲಿ ಇವರ ಹೆಸರನ್ನು ಸೇರಿಸಲಾಯಿತು. ಬ್ಯೂನಾ ವಿಸ್ಟಾದ ಕಲ್ಲಿನ ಕಟ್ಟಡಗಳು ರಾಜ್ಯದ ಐತಿಹಾಸಿಕ ಸ್ಥಳವೆಂದು ಗುರುತಿಸಲ್ಪಟ್ಟಿದ್ದು ಅಲ್ಲಿ ವೈನ್ ತಯಾರಿಕೆ ನಡೆದಿದೆ. ವಿಸ್ಕಾನ್ಸಿನ್‌ನ ಸಾಕ್ ಸಿಟಿಯ ಎದುರು, ಅವರು ಮೊದಲು ಬಳ್ಳಿ ನೆಟ್ಟು ಸೋತ ಗುಡ್ಡದಲ್ಲಿ, ಚಳಿ ತಾಳುವ ತಳಿಗಳನ್ನು ಬೆಳೆಯುವ ವೊಲರ್ಶೈಮ್ ಎಂಬ ವೈನ್ ಕೇಂದ್ರವಿದೆ. ಹರಸ್ತಿಯವರು ಕೊರೆಸಿದ ನೆಲಮಾಳಿಗೆಯನ್ನು ಅಲ್ಲಿ ಈಗಲೂ ಕಾಣಬಹುದು.